ಮೂರು ಕಿಲೋದ ಹಳೇದು, ಒಂದು ಕಿಲೋದ ಹೊಸದು

ಹೊಸ ಲ್ಯಾಪ್‌ಟಾಪಿನ ಮೇಲೆ ನನ್ನ ಮೊದಲ ತಕರಾರು ಅದಕ್ಕೆ ತೂಕವಿಲ್ಲ ಎನ್ನುವುದು. ನಗಬೇಡಿ. ಹೆಗಲಿಗೆ ಚೀಲ ಹಾಕಿಕೊಂಡು ಸೂರತ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅದು ಒಳಗಿದೆಯೋ, ಮನೆಯ ಮೇಜಿನ ಮೇಲೇ ಉಳಿದಿದೆಯೋ ಗೊತ್ತಾಗುವುದಿಲ್ಲ. ನಾಲ್ಕು ಮೆಟ್ಟಿಲಿಗೊಮ್ಮೆ ಚೀಲವನ್ನು ಹಿಸುಕಿ ನೋಡಿಕೊಳ್ಳುತ್ತೇನೆ. ಹಿಂದೆ ಬರುವವರು ನನ್ನನ್ನು ಹೊಸದಾಗಿ ರೈಲು ಹತ್ತುತ್ತಿರುವವನು ಅಂದುಕೊಳ್ಳುತ್ತಾರೆ.

ಹಳೆಯದು ಹಾಗಲ್ಲ. ಚಾರ್ಜರ್ ಎಂಬ ಇಟ್ಟಿಗೆಯೂ ಸೇರಿ ಮೂರು ಕಿಲೋ. ಹೆಗಲ ಮೇಲಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅನುಮಾನವೇ ಬೇಡ. ಹನ್ನೊಂದು ವರ್ಷ ಅದನ್ನು ಹೊತ್ತ ಮೇಲೆ ನನ್ನ ದರ್ಜಿ ಅಂಗಿಯ ಅಳತೆ ತೆಗೆಯುವಾಗ ಎಡ ಹೆಗಲು ಅರ್ಧ ಇಂಚು ಇಳಿದಿದೆ ಎಂದು ಬರೆದುಕೊಂಡ. ಕೊನೆಕೊನೆಗೆ ಅದನ್ನು ಹೊರಗೆ ಒಯ್ಯುವುದನ್ನೇ ಬಿಟ್ಟೆ. ಕೆಲಸವಿದ್ದರೆ ಮನೆಯಲ್ಲಿ ಕೂತು ಮಾಡುವುದು, ಇಲ್ಲವೇ ಕೆಲಸ ಇದ್ದಲ್ಲಿಗೆ ಬರಿಗೈಯಲ್ಲಿ ಹೋಗುವುದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಈ ರೂಢಿ ಮುರಿದದ್ದೇ ಮುಂದೆ ಆದ ಅನಾಹುತಕ್ಕೆಲ್ಲ ಬೇರು.

ಎರಡನೆಯ ತಕರಾರು ತೂತುಗಳದ್ದು. ಹಳೆಯದಕ್ಕೆ ಮೈತುಂಬ ತೂತು. ಪೆನ್‌ಡ್ರೈವಿಗೆ ಮೂರು, ಪರದೆಗೊಂದು, ಇಂಟರ್ನೆಟ್ಟಿನ ವೈರಿಗೊಂದು, ಹೆಡ್‌ಫೋನಿಗೆ ಎರಡು, ಜೊತೆಗೆ ಸೀಡಿ ನುಂಗುವ ಒಂದು ಬಾಯಿ. ಹೊಸದಕ್ಕೆ ಇರುವುದು ಎರಡೇ, ಅದೂ ಅವಳಿ ಜವಳಿ. ಪೆನ್‌ಡ್ರೈವ್ ಹಾಕಬೇಕಾದರೆ ನಡುವೆ ಒಂದು ತುಂಡು ಸಿಕ್ಕಿಸಬೇಕಂತೆ, ಆ ತುಂಡನ್ನು ಬೇರೆ ಕೊಳ್ಳಬೇಕಂತೆ. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ ಅಲ್ಲವೇ? ಕೊಂಡೆ. ವಾರದೊಳಗೆ ಕಳೆದೂ ಹೋಯಿತು.

ಇನ್ನು ಬೆರಳಿನ ವಿಷಯ. ಹಳೆಯದಕ್ಕೆ ಗುಪ್ತಪದ ಹೊಡೆದರೆ ಸಾಕಿತ್ತು. ಹೊಸದು ಬೆರಳಿಟ್ಟರೆ ಯಜಮಾನನ ಗುರುತು ಹಿಡಿದು ತಾನೇ ತೆರೆಯುತ್ತದಂತೆ. ನನ್ನ ಬೆರಳಿಗೆ ಅದು ತೆರೆಯುವುದಿಲ್ಲ. ಮೂವತ್ತು ವರ್ಷ ಬಣ್ಣ, ಕಾಸ್ಟಿಕ್ಕು, ಆಸಿಡ್ಡು ಎಂದು ಅದ್ದಿ ಅದ್ದಿ ನನ್ನ ಬೆರಳಿನ ಗೆರೆಗಳು ಸವೆದುಹೋಗಿವೆ. ಬೆರಳಿಡುತ್ತೇನೆ, ಅದು ತಲೆ ಅಲ್ಲಾಡಿಸಿದ ಹಾಗೆ ಪರದೆಯನ್ನು ನಡುಗಿಸಿ ಇನ್ನೊಮ್ಮೆ ಪ್ರಯತ್ನಿಸಿ ಎನ್ನುತ್ತದೆ. ನನ್ನ ಹೆಂಡತಿ ಕಸ್ತೂರಿ ಲಟ್ಟಣಿಗೆ ಹಿಡಿದ ಕೈಯಲ್ಲೇ ಬಂದು ಒಂದು ಬೆರಳು ಮುಟ್ಟಿಸಿದರೆ ಸಾಕು, ತಕ್ಷಣ ತೆರೆದುಕೊಳ್ಳುತ್ತದೆ. ಕಷ್ಟಪಟ್ಟು ದುಡಿದು ಕೊಂಡವನು ನಾನು, ಯಜಮಾನಿ ಅವಳು.

ಹಳೆಯದರ ಮೇಲೆ ಅವಳಿಗೂ ಅಕ್ಕರೆ ಇತ್ತೆನ್ನಿ. ಪ್ರತಿ ಆಯುಧ ಪೂಜೆಗೆ ಮಿಕ್ಸರು, ಸ್ಕೂಟರು, ಇಳಿಗೆಮಣೆಗಳ ಸಾಲಿನಲ್ಲಿ ಅದನ್ನೂ ತೆರೆದಿಟ್ಟು ಅರಿಶಿಣ ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಿದ್ದಳು. ಅಕ್ಷತೆ ಕೀಲಿಗಳ ಸಂದಿಗೆ ಇಳಿಯುತ್ತಿತ್ತು. ದಸರಾ ಮುಗಿದು ತಿಂಗಳಾದರೂ ನಾನು ಸ್ಪೇಸ್ ಒತ್ತಿದಾಗಲೆಲ್ಲ ಕಟುಂ ಕಟುಂ ಎನ್ನುತ್ತಿತ್ತು. ಒಮ್ಮೆ ರಿಪೇರಿಗೆ ಕೊಟ್ಟಾಗ ಅಂಗಡಿಯ ಹಿತೇಶ್‌ಭಾಯಿ ಅದನ್ನು ಬೋರಲು ಹಾಕಿ ತಟ್ಟಿದ. ಮುಷ್ಟಿ ಅಕ್ಕಿ ಬಿತ್ತು. ಅವನಿಗೇನೂ ಆಶ್ಚರ್ಯವಾಗಲಿಲ್ಲ. ದೀಪಾವಳಿಗೆ ಲೆಕ್ಕದ ಪುಸ್ತಕದ ಪಕ್ಕ ಲ್ಯಾಪ್‌ಟಾಪಿಟ್ಟು ಸ್ವಸ್ತಿಕ ಬರೆಯುವ ಊರು ಇದು. ನಿಮ್ಮ ಕಡೆಯವರು ಇದನ್ನು ಇಪ್ಪತ್ತು ದಿನ ಮೊದಲೇ ಯಾಕೆ ಮುಗಿಸಿಬಿಡುತ್ತಾರೆ ಎಂದಷ್ಟೇ ಕೇಳಿದ.

ಹೊಸದು ಬಂದದ್ದು ಈ ದಸರೆಗೆ ಒಂದು ತಿಂಗಳು ಮೊದಲು. ತರಿಸಿದವಳು ನಮ್ಮ ಮಗಳು ಪೂರ್ವಿ. ವಡೋದರದಲ್ಲಿ ಓದುತ್ತಾಳೆ. ಹುಟ್ಟಿ ಬೆಳೆದದ್ದು ಸೂರತ್ತಿನಲ್ಲಿ, ಹೀಗಾಗಿ ಅವಳ ಕನ್ನಡ ಅರ್ಧ ದಾರಿಗೆ ಬಂದು ಗುಜರಾತಿಯಲ್ಲಿ ಇಳಿದುಬಿಡುತ್ತದೆ. ಆಯುಧ ಪೂಜೆಯ ದಿನ ಫೋನಿನಲ್ಲೇ ತಾಯಿಗೆ ಕಟ್ಟಪ್ಪಣೆ ಮಾಡಿದಳು, ಹೊಸದಕ್ಕೆ ಒಂದು ಕಾಳು ಅಕ್ಕಿಯೂ ತಾಗಕೂಡದು. ಕೊನೆಗೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಚೀಲದ ಮೇಲೆ ಕುಂಕುಮ ಇಟ್ಟೆವು. ಮದುಮಗಳಿಗೆ ರೇನ್‌ಕೋಟ್ ಹಾಕಿ ಅರಿಶಿಣ ಹಚ್ಚಿದ ಹಾಗಾಯಿತು. ಪೂಜೆ ಮುಟ್ಟಲಿಲ್ಲ ಎಂದು ಕಸ್ತೂರಿ ಅವತ್ತೇ ಗೊಣಗಿದಳು.

ಆದರೆ ನನ್ನ ನಿಜವಾದ ತಕರಾರು ಇದ್ಯಾವುದೂ ಅಲ್ಲ. ಅದರ ಬಿಳಿ ಬಿಳಿಯಾಗಿರಲಿಲ್ಲ.

ಪೆಟ್ಟಿಗೆ ಬಿಚ್ಚಿದ ದಿನವೇ ಹೇಳಿದೆ. ಖಾಲಿ ಪುಟ ತೆರೆದರೆ ಹೊಗೆ ಹಿಡಿದ ಗೋಡೆಯ ಹಾಗೆ ಮಬ್ಬು, ಅಂಚಿನಲ್ಲಿ ಹಳದಿ. ಹಿತೇಶ್‌ಭಾಯಿಯ ಅಂಗಡಿಗೆ ಒಯ್ದೆ. ರಾತ್ರಿ ಕಣ್ಣಿಗೆ ತಂಪಾಗಲೆಂದು ಪರದೆಯನ್ನು ಹಳದಿ ಮಾಡುವ ಗುಂಡಿಯೊಂದಿದೆಯಂತೆ, ಅದು ಆರಿಯೇ ಇತ್ತು. ಬೆಳಕು ಹೆಚ್ಚಿಸಿಕೊಟ್ಟ. ಮರುವಾರ ಮತ್ತೆ ಹೋದೆ. ಅದರ ಮರುವಾರವೂ ಹೋದೆ. ಅವನು ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ತೋರಿಸಿ, ಇದು ಬಿಳಿಯೋ ಹಳದಿಯೋ ಎಂದು ಕೇಳಿದ. ಎಲ್ಲರೂ ಬಿಳಿ ಎಂದರು. ಬಣ್ಣ ತಿಳಿಯದವರ ವೋಟು ಯಾರಿಗೆ ಬೇಕು ಎಂದು ನಾನು ಹೊರಗೆ ಬಂದೆ. ನಾಲ್ಕನೆಯ ಸಲ ಹೋದಾಗ ಹಿತೇಶ್‌ಭಾಯಿ ಒಂದೂ ಮಾತಾಡದೆ ಏನೇನೋ ಒತ್ತಿದ. ಪರದೆ ಒಮ್ಮೆ ಆರಿ ಹತ್ತಿತು. ‘ಹವೇ ಬರಾಬರ್,’ ಎಂದು ಮುಚ್ಚಿ ಕೈಗಿತ್ತ. ಈಗ ಸರಿಯಾಯಿತು ಎಂದು. ನಾನು ನಂಬಿದೆ. ಅವನು ಒತ್ತಿದ್ದು ಬರೀ ಆರಿಸಿ ಹತ್ತಿಸುವ ಗುಂಡಿ ಎಂದು ಆಮೇಲೆ ತಿಳಿಯಿತು.

ಬಿಳಿಗಾಗಿ ಇಷ್ಟು ಒದ್ದಾಡುವ ಇವನು ಯಾರಪ್ಪಾ ಎಂದು ನೀವು ಕೇಳುವುದು ನ್ಯಾಯವೇ. ನಾನು ಬಣ್ಣದ ಮನುಷ್ಯ. ಸೂರತ್ತಿನ ಪಾಂಡೇಸರಾದ ಒಂದು ಡೈಯಿಂಗ್ ಮಿಲ್ಲಿನಲ್ಲಿ ಶೇಡ್ ಹೊಂದಿಸುವವನಾಗಿ ಇಪ್ಪತ್ತಾರು ವರ್ಷ ದುಡಿದು, ಈಗ ಅದೇ ಮಿಲ್ಲಿಗೆ ಸಲಹೆಗಾರ. ವ್ಯಾಪಾರಿ ಒಂದು ತುಂಡು ಬಟ್ಟೆ ಕೊಟ್ಟು ಇದೇ ಬಣ್ಣ ಸಾವಿರ ಮೀಟರಿಗೆ ಬೇಕು ಎನ್ನುತ್ತಾನೆ. ಮಿಲ್ಲಿನವರು ಚಿಕ್ಕ ಚಿಕ್ಕ ತುಂಡುಗಳಿಗೆ ಬಣ್ಣ ಹಾಕಿ ತೋರಿಸುತ್ತಾರೆ. ಇದು ಹೌದು, ಇದು ಅಲ್ಲ, ಇದಕ್ಕೆ ಒಂದು ಚಿಟಿಕೆ ಕೆಂಪು ಸಾಲದು ಎಂದು ಹೇಳುವುದು ನನ್ನ ಕೆಲಸ. ಯಂತ್ರಗಳು ಬಂದಿವೆ ನಿಜ. ಆದರೂ ಕೊನೆಯ ಮಾತು ಕಣ್ಣಿನದು. ಬಿಳಿಯೊಂದರಲ್ಲೇ ನಾನು ಆರು ಬಗೆ ಗುರುತಿಸುತ್ತಿದ್ದೆ, ಸುಣ್ಣದ್ದು, ಹಾಲಿನದು, ಮಲ್ಲಿಗೆಯದು ಎಂದು.

ಈ ವಿದ್ಯೆ ನಾನು ಕಾಲೇಜಿನಲ್ಲಿ ಕಲಿತದ್ದಲ್ಲ. ನಮ್ಮೂರು ಬನಹಟ್ಟಿ. ಮನೆ ಮನೆಗೆ ಮಗ್ಗ. ನನ್ನ ಅಪ್ಪ ನೂಲಿಗೆ ಬಣ್ಣ ಹಾಕುವವನು. ಅವನ ಕೈ ಮೊಣಕೈಯವರೆಗೆ ಯಾವತ್ತೂ ಒಂದಲ್ಲ ಒಂದು ಬಣ್ಣ. ಶಾಲೆಯಲ್ಲಿ ಹುಡುಗರು ನನ್ನ ಬುತ್ತಿಯ ರೊಟ್ಟಿಯ ಮೇಲೆ ನೀಲಿ ಬೆರಳಿನ ಗುರುತು ನೋಡಿ ನಗುತ್ತಿದ್ದರು, ಏಕೆಂದರೆ ಅವ್ವನಿಗೆ ಜ್ವರ ಬಂದ ದಿನ ರೊಟ್ಟಿ ಬಡಿಯುತ್ತಿದ್ದವನು ಅಪ್ಪನೇ. ಕುದಿಯುವ ಹಂಡೆಯಿಂದ ಒಂದು ಎಳೆ ತೆಗೆದು, ಹಿಂಡಿ, ಅಂಗಳದ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿ ಹೇಳುತ್ತಿದ್ದ, ‘ತಮ್ಮಾ, ದೀಪದ ಬೆಳಕಿನ್ಯಾಗ ಎಲ್ಲಾ ಬಣ್ಣಾ ಸುಳ್ಳ ಹೇಳತಾವ. ಹತ್ತ ಗಂಟೆ ಬಿಸಲಾಗ ನೋಡು.’ ಹತ್ತು ಗಂಟೆಗೆ ಮೊದಲು ಬಿಸಿಲು ಕೆಂಪು, ಆಮೇಲೆ ಉರಿ. ಮಿಲ್ಲಿಗೆ ಬಂದ ಮೇಲೂ ನಾನು ತುಂಡುಗಳನ್ನು ಹತ್ತು ಗಂಟೆಗೆ ಉತ್ತರದ ಕಿಟಕಿಯ ಹತ್ತಿರ ಒಯ್ದೇ ನೋಡುತ್ತಿದ್ದೆ. ಪರದೆಯ ಮೇಲೆ ಬಣ್ಣ ಪಾಸು ಮಾಡುವವರಿಗೆ ನನ್ನಿಂದ ಮಂಗಳಾರತಿ ತಪ್ಪುತ್ತಿರಲಿಲ್ಲ.

ಅಪ್ಪ ಕೊನೆಗಾಲದಲ್ಲಿ ಬಹಳ ಕಿರಿಕಿರಿ ಮಾಡುತ್ತಿದ್ದ. ಬಿಳಿ ಧೋತರ ತಂದುಕೊಟ್ಟರೆ ಇದು ಬಿಳಿಯಲ್ಲ ಎಂದು ಅಂಗಡಿಗೆ ಮರಳಿ ಕಳಿಸುವನು. ಮೂರು ಸಲ ಕಳಿಸಿದ. ಈಗಿನ ಮಿಲ್ಲಿನವರು ಕಳ್ಳರು, ಬಿಳಿ ಮಾಡುವುದನ್ನೇ ಮರೆತಿದ್ದಾರೆ ಎಂದು ನನ್ನ ಮುಂದೆಯೇ ಬಯ್ಯುವನು. ನಾನೂ ಮಿಲ್ಲಿನವನಲ್ಲವೇ, ನನಗೆ ಸಿಟ್ಟು. ಬಿಳಿ ಬಿಳಿಯೇ ಇದೆ, ಸುಮ್ಮನೆ ಉಟ್ಟುಕೋ ಎಂದು ಗದರಿಸಿ ರೈಲು ಹತ್ತಿದ್ದೆ. ಇದನ್ನು ಯಾಕೆ ಹೇಳಿದೆನೆಂದು ಆಮೇಲೆ ತಿಳಿಯುತ್ತದೆ.

ಈಗ ಸೀರೆಗಳ ಕತೆಗೆ ಬರೋಣ. ಅಹಮದಾಬಾದ್, ವಡೋದರ, ಸೂರತ್ ಮೂರೂ ಊರಿನ ಕನ್ನಡದವರು ಈ ಸಲ ರಾಜ್ಯೋತ್ಸವವನ್ನು ವಡೋದರದಲ್ಲಿ ಒಟ್ಟಿಗೆ ಮಾಡುವುದೆಂದು ತೀರ್ಮಾನವಾಯಿತು. ದೀಪಾವಳಿ ಕಳೆದ ಮೊದಲ ಭಾನುವಾರ. ಮೂವತ್ತೆರಡು ಹೆಂಗಸರ ಸಮೂಹಗಾನ, ಮುಂದೆ ನಿಂತು ಹಾಡಿಸುವವಳು ಕಸ್ತೂರಿ. ಹುಬ್ಬಳ್ಳಿಯಲ್ಲಿ ಹಾಡು ಕಲಿತವಳು, ಮದುವೆಯಾಗಿ ಇಪ್ಪತ್ತೈದು ವರ್ಷ ಸೂರತ್ತಿನಲ್ಲಿ ಗಣಪತಿ ಮುಂದೆ ಒಂದು ಹಾಡು ಹೇಳಿದ್ದು ಬಿಟ್ಟರೆ ಬೇರೆ ಅವಕಾಶ ಸಿಕ್ಕಿರಲಿಲ್ಲ. ಅವಳ ಹಿಗ್ಗು ನೋಡಬೇಕಿತ್ತು, ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು.

ಎಲ್ಲರಿಗೂ ಒಂದೇ ಸೀರೆ, ಅರಿಶಿಣದ ಒಡಲು, ಕುಂಕುಮದ ಅಂಚು ಎಂದಾಯಿತು. ಅಹಮದಾಬಾದಿನ ಮಣಿನಗರದ ಪದ್ಮಾ, ಮೈಸೂರಿನ ಕಡೆಯವರು, ಗಂಡ ರೈಲ್ವೆಯಲ್ಲಿ, ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವುದನ್ನೇ ಕೊಳ್ಳೋಣ ಎಂದರು. ಅಂಗಡಿಯ ಹಳದಿ ಅರಿಶಿಣ ಅಲ್ಲ, ಒಂದೋ ನಿಂಬೆಹಣ್ಣು ಇಲ್ಲವೇ ಮಾವಿನಹಣ್ಣು ಎಂದು ಕಸ್ತೂರಿ ಪಟ್ಟು ಹಿಡಿದಳು. ಮಿಲ್ಲಿನಲ್ಲೇ ಹಾಕಿಸೋಣ, ನಮ್ಮನೆಯವರು ನೋಡಿ ಪಾಸು ಮಾಡುತ್ತಾರೆ. ಬಣ್ಣ ಹೆಚ್ಚು ಕಡಿಮೆಯಾದರೆ ಮೂವತ್ತೆರಡು ಸೀರೆ ಯಾರ ತಲೆಗೆ ಕಟ್ಟುವುದು ಎಂದು ಪದ್ಮಾ ಕೇಳಿದರು. ಸಭೆಯಲ್ಲಿ, ಎಲ್ಲರ ಎದುರು ಕಸ್ತೂರಿ ಹೇಳಿದ ಮಾತು ಇದು: ‘ನಮ್ಮನಿಯವರ ಕಣ್ಣಿನ ಮ್ಯಾಲೆ ನನಗ ಭರೋಸಾ ಐತ್ರೀ. ತಪ್ಪಾದ್ರ ನನ್ನ ಕೇಳ್ರಿ.’

ನಾನು ಹಿಂದಿನ ಸಾಲಿನಲ್ಲಿ ಫಾಫಡಾ ತಿನ್ನುತ್ತ ಕೂತಿದ್ದೆ. ಇಪ್ಪತ್ತೈದು ವರ್ಷದಲ್ಲಿ ಇವಳು ನನ್ನನ್ನು ಹೊಗಳಿದ್ದು ಇದೇ ಮೊದಲು ಎಂದು ಎದೆ ಉಬ್ಬಿತು.

ಮಿಲ್ಲಿನಲ್ಲಿ ದೀಪಾವಳಿಯ ಮುಂಚಿನ ದಿನಗಳೆಂದರೆ ಉಸಿರಾಡಲು ಪುರಸೊತ್ತಿಲ್ಲ. ಹಬ್ಬಕ್ಕೆ ಬಾಗಿಲು ಹಾಕಿದರೆ ಬಾಯ್ಲರು ತಣ್ಣಗಾಗುತ್ತದೆ, ಕೆಲಸಗಾರರು ಒಡಿಶಾ, ಉತ್ತರ ಪ್ರದೇಶದ ರೈಲು ಹತ್ತುತ್ತಾರೆ, ಮತ್ತೆ ಹೊಗೆ ಏಳುವುದು ಎರಡು ಮೂರು ವಾರದ ಮೇಲೆ. ನಮ್ಮ ಸೀರೆಗಳ ಸರದಿ ಕಡೆಯ ದಿನ ಬಂತು. ಅವತ್ತೇ ಮಣಿನಗರದಲ್ಲಿ ಪದ್ಮಾ ಅವರ ಮನೆಯಲ್ಲಿ ಹಾಡಿನ ತಾಲೀಮು. ಹಳೆಯ ಲ್ಯಾಪ್‌ಟಾಪಿನ ಕಾಲವಾಗಿದ್ದರೆ ನಾನು ಕಸ್ತೂರಿಯೊಬ್ಬಳನ್ನೇ ರೈಲು ಹತ್ತಿಸಿ, ಪಾಂಡೇಸರಾಕ್ಕೆ ಹೋಗಿ, ತುಂಡುಗಳನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಈಗ ಕೈಯಲ್ಲಿ ಒಂದು ಕಿಲೋದ ಹೊಸದಿದೆಯಲ್ಲ. ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ಮಗಳು ಹೇಳಿದ್ದಾಳಲ್ಲ. ಹಿತೇಶ್‌ಭಾಯಿ ಸರಿ ಮಾಡಿಯೂ ಕೊಟ್ಟಿದ್ದಾನಲ್ಲ. ಒಯ್ದೆ.

ಹನ್ನೊಂದರ ಹೊತ್ತಿಗೆ ಮಿಲ್ಲಿನ ಡೈಯಿಂಗ್ ಮಾಸ್ಟರು ಫೋನು ಮಾಡಿದ. ಮೂರು ತುಂಡು ಹಾಕಿಟ್ಟಿದ್ದೇನೆ, ಬಂದು ನೋಡಿ, ಮಧ್ಯಾಹ್ನ ಬಟ್ಟೆ ಮಷೀನಿಗೆ ಹೋಗಲೇಬೇಕು. ಫೋಟೋ ಕಳಿಸು ಎಂದೆ. ಫೋಟೋ ಎಂಬ ಮಾತನ್ನು ನನ್ನ ಬಾಯಲ್ಲಿ ಅವನು ಕೇಳಿಯೇ ಇರಲಿಲ್ಲ. ಕಳಿಸಿದ. ಪದ್ಮಾ ಅವರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೆ, ಅಂದರೆ ಕಸ್ತೂರಿಯನ್ನು ಕರೆದು ಬೆರಳು ಮುಟ್ಟಿಸಿ ತೆರೆಸಿದೆ. ಅವಳು ಮರಳಿ ಹಾಡಿಗೆ ಹೋದಳು. ಒಂದು, ಎರಡು, ಮೂರು ಎಂದು ನಂಬರು ಬರೆದ ಮೂರು ಹಳದಿ ತುಂಡುಗಳು. ಒಂದನೆಯದು ನೋಡಿದ ಕೂಡಲೇ ಅರಿಶಿಣ, ಸಂಶಯವೇ ಇಲ್ಲ. ಎರಡನೆಯದು ಹದ ಮೀರಿದೆ. ಮೂರನೆಯದು ಸಾಸಿವೆ ಎಣ್ಣೆ. ಹೊರಗೆ ರೈಲು ಹೋಗಿ ಕಿಟಕಿಗಳೆಲ್ಲ ನಡುಗಿದವು. ಪಕ್ಕದ ಕೋಣೆಯಲ್ಲಿ ಹತ್ತು ಹೆಂಗಸರಿದ್ದರು, ಒಬ್ಬರನ್ನು ಕರೆದು ತೋರಿಸಬಹುದಿತ್ತು. ಶೇಡ್ ಹೊಂದಿಸುವವನು ಬಣ್ಣಕ್ಕಾಗಿ ಹೆಂಡತಿಯನ್ನು ಕೇಳುವುದೇ? ಒಂದನೇ ನಂಬರು ಎಂದು ಫೋನಿನಲ್ಲಿ ಹೇಳಿದೆ.

‘ಏಕ್ ನಂಬರ್, ಸಾಹೇಬ್? ಪಕ್ಕಾ?’ ಎಂದ ಮಾಸ್ಟರು.

ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಪಕ್ಕಾ ಎಂದು ಕೇಳಿದವನಲ್ಲ. ನನಗೆ ರೇಗಿತು. ನಾನು ಬಣ್ಣ ನೋಡುವಾಗ ನೀನಿನ್ನೂ ಚಡ್ಡಿಯಲ್ಲಿದ್ದೆ ಎಂಬರ್ಥದ ಹಿಂದಿ ಮಾತು ಹೇಳಿ ಫೋನಿಟ್ಟೆ.

ಎರಡು ದಿನಕ್ಕೆ ಸೀರೆಯ ಗಂಟುಗಳು ಮನೆಗೆ ಬಂದವು. ಮಿಲ್ಲು ಬಾಗಿಲು ಹಾಕಿತು. ಪೂರ್ವಿ ಹಬ್ಬಕ್ಕೆ ಬಂದಿದ್ದಳು. ಬೆಳಗಿನ ಹೊತ್ತು, ಮೂವರೂ ಕೂತು ಗಂಟು ಬಿಚ್ಚಿದೆವು. ಕಸ್ತೂರಿ ಮೊದಲ ಸೀರೆ ಬಿಡಿಸಿ ಮಡಿಲಲ್ಲಿ ಹರಡಿಕೊಂಡಳು. ಎರಡನೆಯದು ಬಿಡಿಸಿದಳು. ಮೂರನೆಯದು. ನಾನು, ಚೆನ್ನಾಗಿ ಬಂದಿದೆ ಅಲ್ಲವೇ, ಎಂದೆ. ನನ್ನ ಕಣ್ಣಿಗೆ ನಿಜವಾಗಿಯೂ ಚೆನ್ನಾಗಿ ಬಂದಿತ್ತು.

‘ಇದು ಕಢಿ ಬಣ್ಣರೀ,’ ಎಂದಳು.

ಗುಜರಾತಿನ ಕಢಿ ನೀವು ನೋಡಿರಬೇಕು. ನಮ್ಮ ಮಜ್ಜಿಗೆ ಹುಳಿಯ ಸಕ್ಕರೆ ಹಾಕಿದ ತಮ್ಮ. ಹಳದಿಯೆಂದರೆ ಹಳದಿ, ಬಿಳಿಯೆಂದರೆ ಬಿಳಿ, ಎರಡಕ್ಕೂ ಧೈರ್ಯವಿಲ್ಲದ ಬಣ್ಣ. ಅದನ್ನು ನನ್ನ ಅರಿಶಿಣಕ್ಕೆ ಹೋಲಿಸಿದಳಲ್ಲ ಎಂದು ನನಗೆ ಕೆಂಡದಂಥ ಸಿಟ್ಟು ಬಂತು. ಬಣ್ಣದವನ ಜೊತೆ ಇಪ್ಪತ್ತೈದು ವರ್ಷ ಇದ್ದೂ ಬಣ್ಣ ತಿಳಿಯಲಿಲ್ಲ ಎಂದು ಹಾರಾಡಿದೆ. ಪೂರ್ವಿ ತಾಯಿಯ ಪಕ್ಷ ಹಿಡಿದಳು. ಕಸ್ತೂರಿ ಜಗಳವಾಡಲಿಲ್ಲ. ಒಳಗೆ ಹೋಗಿ ಅಡುಗೆಮನೆಯಿಂದ ಅರಿಶಿಣದ ಡಬ್ಬಿ ತಂದು, ಒಂದು ಚಿಟಿಕೆಯನ್ನು ಸೀರೆಯ ಮೇಲಿಟ್ಟಳು.

ಪಕ್ಕದಲ್ಲೇ ಇಟ್ಟಾಗ ನನಗೂ ಕಂಡಿತು. ಸೀರೆ ತಿಳಿಯಾಗಿತ್ತು. ಆದರೆ ಬಾಯಿ ಸುಮ್ಮನಿರಬೇಕಲ್ಲ. ಅಷ್ಟೂ ಸಿಟ್ಟನ್ನು ಮೇಜಿನ ಮೇಲಿದ್ದ ಹೊಸ ಲ್ಯಾಪ್‌ಟಾಪಿನತ್ತ ತಿರುಗಿಸಿದೆ. ಮೊದಲ ದಿನವೇ ಹೇಳಲಿಲ್ಲವೇ ಇದರ ಪರದೆ ಹಳದಿ ಎಂದು? ಬೆಳ್ಳಗಿದ್ದುದನ್ನು ಅರಿಶಿಣವೆಂದು ತೋರಿಸಿ ನನಗೆ ಮೋಸ ಮಾಡಿತು. ಆ ಹಿತೇಶನಿಗೆ ಮಾಡುತ್ತೇನೆ. ಹಳೆಯದಾಗಿದ್ದರೆ ಹೀಗೆ ಕೈ ಕೊಡುತ್ತಿರಲಿಲ್ಲ, ಹನ್ನೊಂದು ವರ್ಷದಲ್ಲಿ ಒಂದು ದಿನ ನನಗೆ ಸುಳ್ಳು ತೋರಿಸಲಿಲ್ಲ ಅದು.

ಈ ಕೂಗಾಟ ಸಾಕಾಗಿ ಪೂರ್ವಿ ಎದ್ದಳು. ಅಟ್ಟದ ಮೇಲಿಂದ ಹಳೆಯದನ್ನು ಇಳಿಸಿ, ಧೂಳು ಒರೆಸಿ, ವೈರು ಚುಚ್ಚಿದಳು. ಅದು ತನ್ನ ರೂಢಿಯಂತೆ ಗರಗರ ಎನ್ನುತ್ತ ಏಳಲು ಹತ್ತು ನಿಮಿಷ ತೆಗೆದುಕೊಂಡಿತು. ಎರಡನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಎರಡರಲ್ಲೂ ಖಾಲಿ ಬಿಳಿ ಪುಟ ತೆರೆದಳು. ಯಾವುದು ಹಳದಿ, ನೀವೇ ತೋರಿಸಿ ಎಂದಳು.

ನಾನು ಮುಂದೆ ಬಂದು ನೋಡಿದೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದೆ. ಕಿಟಕಿಯ ಪರದೆ ಸರಿಸಿದೆ, ಗಂಟೆ ಹತ್ತೇ ಆಗಿತ್ತು. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ.

‘ಎರಡೂ ಒಂದೇ,’ ಎಂದೆ.

‘ಪಪ್ಪಾ, ಮಜಾಕ್ ಮಾಡಬ್ಯಾಡ್ರಿ ನೆ,’ ಎಂದು ಪೂರ್ವಿ ನಕ್ಕಳು. ‘ಹಳೇದು ಪೂರಾ ಪೀಳಾ ಐತಿ, ಹಳದಿ. ಜೂನಾ ಪೇಪರ್ ಥರ. ಹೊಸಾದು ವೈಟ್. ದೂರದಿಂದ ಕಾಣತೈತಿ.’

ನಾನು ನಗಲಿಲ್ಲ. ಅವಳ ನಗೆಯೂ ನಿಂತಿತು. ಆರು ಬಗೆಯ ಬಿಳಿ ಗುರುತಿಸುವವನು ಒಂದು ಬಿಳಿಗೂ ಒಂದು ಹಳದಿಗೂ ವ್ಯತ್ಯಾಸ ಕಾಣದೆ ಮೇಜಿನ ಮುಂದೆ ನಿಂತಿದ್ದೆ. ಕಸ್ತೂರಿ ಸೀರೆಯನ್ನು ಮೆಲ್ಲಗೆ ಮಡಿಸಿಟ್ಟಳು. ನಾಳೆ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದಳು. ಅವಳಿಗೆ ಗೊತ್ತಾಗಿಹೋಗಿತ್ತು.

ಎರಡೂ ಕಣ್ಣಿಗೆ ಪೊರೆ ಎಂದರು ಡಾಕ್ಟರು. ಕಣ್ಣಿನೊಳಗಿನ ಮಸೂರ ವರ್ಷಗಟ್ಟಲೆ ನಿಧಾನವಾಗಿ ಹಳದಿಯಾಗುತ್ತ ಬರುತ್ತದಂತೆ. ನಿಧಾನವಾದ್ದರಿಂದ ನೋಡುವವನಿಗೆ ತಿಳಿಯುವುದಿಲ್ಲ, ಲೋಕವೇ ಹೀಗೆ ಅಂದುಕೊಂಡಿರುತ್ತಾನೆ. ತಿಳಿ ಹಳದಿ ಅವನಿಗೆ ಗಾಢವಾಗಿ ಕಾಣುತ್ತದೆ. ಹೆದರುವುದೇನಿಲ್ಲ, ಹೊಸ ಮಸೂರ ಹಾಕಿದರೆ ಆಯಿತು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ನಿವೃತ್ತ ಎಂದೆ. ಬಣ್ಣ ನೋಡುವ ಕೆಲಸ ಎನ್ನಲು ನಾಲಿಗೆ ಏಳಲಿಲ್ಲ.

ಆಟೋದಲ್ಲಿ ಬರುವಾಗ ಅಪ್ಪನ ಧೋತರ ನೆನಪಾಯಿತು. ಮೂರು ಸಲ ಮರಳಿ ಕಳಿಸಿದ ಧೋತರ. ಅವನಿಗೆ ಯಾವ ಬಿಳಿಯೂ ಬಿಳಿಯಾಗಿ ಕಾಣುತ್ತಿರಲಿಲ್ಲ, ಅವನು ಕಿರಿಕಿರಿ ಮಾಡುತ್ತಿರಲಿಲ್ಲ. ಜೀವಮಾನವೆಲ್ಲ ಬಣ್ಣ ನೋಡಿದವನನ್ನು ನಾವ್ಯಾರೂ ಒಬ್ಬ ಡಾಕ್ಟರಿಗೆ ತೋರಿಸಲಿಲ್ಲ, ಸುಮ್ಮನೆ ಉಟ್ಟುಕೋ ಎಂದೆವು. ನನಗೆ ಅಳು ಬಂತು. ಧೂಳು ಎಂದೆ. ಕಸ್ತೂರಿ ಆಟೋದ ಪರದೆ ಇಳಿಸಿದಳು.

ಸೀರೆಗಳಿಗೆ ಮಾಡುವಂಥದ್ದು ಏನೂ ಇರಲಿಲ್ಲ. ತಿಳಿ ಬಣ್ಣದ ಮೇಲೆ ಮತ್ತೊಮ್ಮೆ ಬಣ್ಣ ಹಾಕಿ ಗಾಢ ಮಾಡುವುದು ನಮಗೆ ಕಷ್ಟವಲ್ಲ, ಆದರೆ ಮಿಲ್ಲಿನಲ್ಲಿ ಆಗ ಕಾವಲುಗಾರನೊಬ್ಬನೇ ಇದ್ದ. ಕಾರ್ಯಕ್ರಮಕ್ಕೆ ಉಳಿದದ್ದು ಐದು ದಿನ. ಕಸ್ತೂರಿ ಮೂವತ್ತೆರಡನ್ನೂ ಇಸ್ತ್ರಿ ಮಾಡಿಸಿ ಚೀಲ ತುಂಬಿದಳು. ಎಲ್ಲರೂ ಏನಂದಾರು ಎಂದು ನಾನು ಕೇಳಿದರೆ, ಅನ್ನಲಿ ಎಂದಳು. ರಾತ್ರಿಯ ಊಟ ಎರಡು ದಿನ ಅವಳಿಗೆ ಸೇರಲಿಲ್ಲ.

ವಡೋದರಕ್ಕೆ ಹೋಗುವ ದಾರಿಯುದ್ದಕ್ಕೂ ನಾನು ಒಂದು ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ತಪ್ಪು ನನ್ನದು, ನನ್ನ ಕಣ್ಣಿನದು, ಕಸ್ತೂರಿಯದಲ್ಲ. ಕನ್ನಡದಲ್ಲಿ ಹೇಳಲು ಎಷ್ಟು ಚಿಕ್ಕ ಮಾತು. ಭರೂಚ್ ದಾಟುವವರೆಗೂ ಅದು ಪೂರ್ತಿ ಜೋಡಣೆಯಾಗಲಿಲ್ಲ. ಮೂವತ್ತೆರಡು ಹೆಂಗಸರಿಗೆ ತಿಳಿದರೆ ಮೂರೂ ಊರಿಗೆ ತಿಳಿದ ಹಾಗೆ. ಕಣ್ಣು ಹೋದ ಶೇಡ್‌ನವನನ್ನು ಯಾವ ಮಿಲ್ಲು ಕರೆಯುತ್ತದೆ? ಆದರೂ ಹೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡೆ.

ಸಭಾಂಗಣದ ಹಿಂದಿನ ಕೋಣೆಯಲ್ಲಿ ಸೀರೆ ಹಂಚಿದರು. ಪದ್ಮಾ ಸೀರೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ‘ಏನ್ರೀ ಕಸ್ತೂರಿ, ಅರಿಶಿಣ ಅಂದ್ರಲ್ಲ. ನಿಮ್ಮೆಜಮಾನ್ರು ಇದನ್ನೇ ಪಾಸ್ ಮಾಡಿದ್ರಾ?’

ಬಾಗಿಲಲ್ಲಿ ನಿಂತಿದ್ದ ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಬಾಯಿ ತೆರೆದೆ. ಅಷ್ಟರಲ್ಲಿ ಕಸ್ತೂರಿ ನನ್ನತ್ತ ತಿರುಗಿ ಸಹ ನೋಡದೆ ಶುರುಮಾಡಿದಳು.

‘ಹೊಸಾ ಲ್ಯಾಪ್‌ಟಾಪ್ ರೀ. ತಂದ ದಿನದಿಂದ ಅವರು ಬಡಕೊಳ್ಳಾಕತ್ತಿದ್ರು, ಅದರ ಬಿಳಿ ಬಿಳಿ ಅಲ್ಲ ಅಂತ. ನಾನಽ ಕೇಳಲಿಲ್ಲ. ತಾಲೀಮಿಗೆ ಬರ್ರಿ ಅಂತ ಅವರನ್ನ ಮಣಿನಗರಕ್ಕ ಎಳಕೊಂಡು ಹೋದಾಕಿ ನಾನು. ಇಲ್ಲಾಂದ್ರ ಮಿಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬರತಿದ್ರು. ಅದಕ್ಕ ಆಯುಧ ಪೂಜಿನೂ ಸರಿ ಆಗಿಲ್ಲ, ಪ್ಲಾಸ್ಟಿಕ್ ಮ್ಯಾಲೆ ಆಗೇತಿ.’

ಪ್ಲಾಸ್ಟಿಕ್ಕಿನ ಮಾತಿಗೆ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ತಮ್ಮ ತಮ್ಮ ಮನೆಯ ಲ್ಯಾಪ್‌ಟಾಪು, ಫೋನುಗಳ ದೂರು ಒಂದೊಂದಾಗಿ ಹೊರಬಂದವು. ಪದ್ಮಾ ಸೀರೆ ಉಡಲು ಹೋದರು. ಎರಡು ತಿಂಗಳು ಆ ಲ್ಯಾಪ್‌ಟಾಪಿನ ಪರವಾಗಿ ನನ್ನ ಜೊತೆ ಜಗಳವಾಡಿದವಳು, ನಿಮ್ಮ ಗೊಣಗಾಟ ಸಾಕು ಎಂದು ದಿನಕ್ಕೆ ನಾಲ್ಕು ಸಲ ಹೇಳಿದವಳು, ಒಂದು ಗಳಿಗೆಯಲ್ಲಿ ಅದರ ಮಾನ ಕಳೆದು ನನ್ನದನ್ನು ಉಳಿಸಿದಳು. ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಮುಚ್ಚಿಕೊಂಡದ್ದಕ್ಕೆ ಈಗಲೂ ನಾಚಿಕೆಯಿದೆ.

ಹಾಡು ಚೆನ್ನಾಗಾಯಿತು. ಮೊದಲ ಸಾಲಿನಲ್ಲಿದ್ದ ಗುಜರಾತಿ ಅತಿಥಿಯೊಬ್ಬರು ನಿಮ್ಮ ನಾಡಿನ ಸೀರೆಯ ಬಣ್ಣ ಬಹಳ ಸೌಮ್ಯ ಎಂದು ಭಾಷಣದಲ್ಲಿ ಮೆಚ್ಚಿಕೊಂಡರು. ಕಢಿ ಉಣ್ಣುವವರಿಗೆ ಕಢಿ ಸೇರದೆ ಇರುತ್ತದೆಯೇ?

ಡಿಸೆಂಬರಿನಲ್ಲಿ ನನ್ನ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿನದು ಮುಂದಿನ ತಿಂಗಳು. ಹೀಗಾಗಿ ಈಗ ನನ್ನ ಮುಖದಲ್ಲೇ ಒಂದು ಹೊಸದು, ಒಂದು ಹಳೆಯದು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವನೇ ಎರಡೂ ಲ್ಯಾಪ್‌ಟಾಪು ತೆರೆಸಿ ನೋಡಿದೆ. ಹೊಸದರ ಬಿಳಿ ಎಂಥ ಬಿಳಿ ಅಂತೀರಿ, ಸುಣ್ಣದ್ದೂ ಅಲ್ಲ, ಹಾಲಿನದೂ ಅಲ್ಲ, ಏಳನೆಯದು. ಹಳೆಯದು ಮಗಳು ಹೇಳಿದ ಹಾಗೆ ಜೂನಾ ಪೇಪರು, ಹಳೇ ಕಾಗದ. ಹನ್ನೊಂದು ವರ್ಷ ಇಬ್ಬರೂ ಒಟ್ಟಿಗೆ ಹಳದಿಯಾಗುತ್ತ ಬಂದಿದ್ದೆವು, ಅದಕ್ಕೇ ಅಷ್ಟು ಹೊಂದಾಣಿಕೆ. ಹೊಸದರ ಕ್ಷಮೆ ಕೇಳಬೇಕೆಂದು ಬೆರಳಿಟ್ಟೆ. ಇನ್ನೊಮ್ಮೆ ಪ್ರಯತ್ನಿಸಿ ಎಂದಿತು. ಕೇಳಲಿಲ್ಲ.

ಮೊನ್ನೆ ಸಂಕ್ರಾಂತಿಯ ದಿನ ಬೆಳಿಗ್ಗೆ ಕಸ್ತೂರಿ ಎಳ್ಳು ಬೀರಲು ಹೊರಟಳು. ಮಹಡಿಗಳ ಮೇಲೆಲ್ಲ ಗಾಳಿಪಟದವರ ಗದ್ದಲ. ಅವಳು ಉಟ್ಟಿದ್ದು ಅದೇ ಸೀರೆ. ಕಿಟಕಿಯ ಹತ್ತಿರ ಬಂದು ನಿಂತು ಹೇಗೆ ಕಾಣುತ್ತದೆ ಎಂದು ಕೇಳಿದಳು. ನಾನು ಸದ್ದಿಲ್ಲದೆ ಬಲಗಣ್ಣು ಮುಚ್ಚಿದೆ.

‘ಅರಿಶಿಣ,’ ಎಂದೆ. ‘ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.’

ಅವಳು ಹತ್ತಿರ ಬಂದು ಎಳ್ಳು ಬೆಲ್ಲ ಅಂಟಿದ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದಳು.

‘ಈಗ ಹೇಳ್ರಿ.’

ಬಲಗಣ್ಣು ತೆರೆದು ನೋಡಿದೆ. ಗಂಟೆ ಹತ್ತರ ಬಿಸಿಲು ಅವಳ ಸೆರಗಿನ ಮೇಲೆ ನೇರ ಬಿದ್ದಿತ್ತು.

‘ಕಢಿ,’ ಎಂದೆ.

‘ಹಾಂ,’ ಎಂದು ಕೈ ತೆಗೆದಳು. ‘ಈಗ ಭರೋಸಾ ಬಂತು.’